ಮೂರನೇ ಎಣಿಕೆಯ ತಡೆ

ಕೆರ್‌ಗೊಯೆತ್, ಬ್ರಿಟನಿ
ಬುಧವಾರ, 23 ಜುಲೈ 2014

ಪ್ರೀತಿಯ ಗುಲ್ವೆನ್,

'ಪ್ರೀತಿಯ' ಎಂದು ಬರೆಯಬೇಕೋ ಬೇಡವೋ ಎಂದು ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದೆ. ಇಷ್ಟು ವರ್ಷದ ಅಭ್ಯಾಸ, ಕೈ ತಾನಾಗಿಯೇ ಬರೆದುಬಿಟ್ಟಿತು. ಹೊಡೆದು ಹಾಕಿದರೆ ಕಾಗದ ಕೊಳಕಾಗುತ್ತದೆ, ಇರಲಿ ಬಿಡು. ನಿನ್ನ ರಕ್ತದೊತ್ತಡ ಈಗ ಹೇಗಿದೆ? ಡಾಕ್ಟರು ಉಪ್ಪು ಕಡಿಮೆ ಮಾಡಿ ಎಂದದ್ದನ್ನು ನೀನು ಕೇಳಿರುವುದಿಲ್ಲ ಎಂದು ನನಗೆ ಗೊತ್ತು. ನಮ್ಮ ಉಪ್ಪಿನ ಬೆಣ್ಣೆ ಸಿಗದ ಊರಿಗೆ ಹೋಗಿ ಸೇರಿದ್ದೇ ನಿನ್ನ ಆರೋಗ್ಯಕ್ಕೆ ಆದ ಏಕೈಕ ಉಪಕಾರ. ಮಡ್ಲೆನ್‌ಳ ಕಣ್ಣಿನ ಆಪರೇಷನ್ ಚೆನ್ನಾಗಿ ಆಯಿತಂತೆ, ಸಂತೋಷ. ಹೊಸ ಕಣ್ಣಿನಿಂದ ಗಂಡನನ್ನು ಒಂದು ಸಲ ಸರಿಯಾಗಿ ನೋಡಲು ಹೇಳು. ನಾನು ಚೆನ್ನಾಗಿದ್ದೇನೆ. ಎರಡು ದಿನದಿಂದ ಊಟ ಸೇರುತ್ತಿಲ್ಲ, ಅದು ಬೇರೆ ಮಾತು.

ಫೋನು ಮಾಡದೆ ಕಾಗದ ಯಾಕೆ ಬರೆಯುತ್ತಿದ್ದಾಳೆ ಅಕ್ಕ ಎಂದು ಕೇಳುತ್ತೀಯ. ಫೋನಿನಲ್ಲಿ ನೀನು ನಗಿಸಿಬಿಡುತ್ತೀಯ, ಅದಕ್ಕೆ. ಚಿಕ್ಕಂದಿನಿಂದಲೂ ನಿನ್ನದು ಅದೇ ಉಪಾಯ. ಅಮ್ಮ ಪೊರಕೆ ಹಿಡಿದು ಬಂದರೂ ಏನೋ ಒಂದು ಮಂಗಚೇಷ್ಟೆ ಮಾಡಿ ನಗಿಸಿ ತಪ್ಪಿಸಿಕೊಳ್ಳುತ್ತಿದ್ದೆ. ಈ ಸಲ ನನಗೆ ನಗುವ ಮನಸ್ಸಿಲ್ಲ. ನೀನು ಒಬ್ಬನೇ ಕೂತು, ನಡುವೆ ಬಾಯಿ ಹಾಕದೆ, ಇದನ್ನು ಕೊನೆಯ ತನಕ ಓದಬೇಕು.

ಉತ್ಸವ ಶುರುವಾಗಿ ಮೂರು ದಿನವಾಯಿತು. ಈ ವರ್ಷ ಊರಿನಲ್ಲಿ ಕಾಲಿಡಲು ಜಾಗವಿಲ್ಲ. ಐರ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್‌ಗಳಿಂದ ತಂಡಗಳು ಬಂದಿವೆ, ಸ್ಪೇನಿನ ಗಲೀಸಿಯಾದವರು ಡೋಲು, ಚೀಲದ ವಾದ್ಯ ಹಿಡಿದು ಒಂದು ಬಸ್ಸು ತುಂಬ ಬಂದಿದ್ದಾರೆ. ಶಾಲೆಯ ಅಂಗಳದ ನಾಲ್ಕು ಮೂಲೆಯಲ್ಲಿ ನಾಲ್ಕು ದೇಶದ ಕುಣಿತ ಕಲಿಸುವ ಕಾರ್ಯಾಗಾರ. ಒಂದರ ಸದ್ದು ಇನ್ನೊಂದಕ್ಕೆ ಬಡಿದು ಯಾರಿಗೂ ಏನೂ ಕೇಳಿಸುವುದಿಲ್ಲ, ಆದರೂ ಎಲ್ಲರಿಗೂ ಖುಷಿ. ಐರಿಶ್ ಕುಣಿತ ಕಲಿಸಲು ಬಂದ ಓರ್ಲಾ ಎಂಬ ಹೆಂಗಸು ನಮ್ಮ ಮನೆಯಲ್ಲೇ ಇಳಿದಿದ್ದಾಳೆ. ಒಳ್ಳೆಯವಳು. ಕಪ್ಪು ಗೋಧಿಯ ಕ್ರೇಪ್ ಎಷ್ಟು ಹಾಕಿದರೂ ತಿನ್ನುತ್ತಾಳೆ. ಸ್ನಾನದ ಮನೆಯಲ್ಲಿ ಕೂಡ ಕಾಲು ತಟ್ಟುತ್ತಾಳೆ. ಈ ಸಲ ಸಮಿತಿಯವರು ನನ್ನ ಕಾರ್ಯಾಗಾರಕ್ಕೆ ಅಪ್ಪನ ಹೆಸರಿಟ್ಟಿದ್ದಾರೆ. 'ಮತಿಲಿನ್ ಹೆಜ್ಜೆ' ಎಂದು ದೊಡ್ಡ ಅಕ್ಷರದಲ್ಲಿ ಬರೆದು, ಕೆಳಗೆ ಅಪ್ಪನ ಫೋಟೋ ಹಾಕಿ, ಬೇಕರಿಯ ಗೋಡೆಯಿಂದ ಚರ್ಚಿನ ಗೋಡೆಯ ತನಕ ಅಂಟಿಸಿದ್ದಾರೆ. ಇದನ್ನು ನಿನಗೆ ಹೇಳಿ ಹೊಟ್ಟೆ ಉರಿಸಬೇಕೆಂದು ಜೂನ್ ತಿಂಗಳಿನಿಂದ ಕಾದಿದ್ದೆ.

ನಿನಗೆ ಗೊತ್ತಿರುವುದನ್ನೇ ಈಗ ಸ್ವಲ್ಪ ಬರೆಯುತ್ತೇನೆ, ಯಾಕೆಂದರೆ ನಾನು ಅದನ್ನು ಎಷ್ಟು ನಂಬಿದ್ದೆ ಎಂಬುದು ನಿನಗೆ ಗೊತ್ತಿಲ್ಲ. ಗೊತ್ತಿದ್ದರೆ ಹೀಗೆ ಮಾಡುತ್ತಿರಲಿಲ್ಲ ಎಂದು ನಂಬುವುದಕ್ಕೆ ನನಗೆ ಇನ್ನೂ ಆಸೆಯಿದೆ. ನಾನು ಹತ್ತೊಂಬತ್ತಕ್ಕೇ ಪ್ಯಾರಿಸ್‌ಗೆ ಹೋದೆ, ಆಸ್ಪತ್ರೆಯಲ್ಲಿ ರೋಗಿಗಳ ಹಾಸಿಗೆ ಬದಲಿಸುವ ಕೆಲಸಕ್ಕೆ. ಊರಲ್ಲಿದ್ದಾಗ ತೋಳಿಗೆ ತೋಳು ಸೇರಿಸಿ ಸಾಲಾಗಿ ಕುಣಿಯುವುದು ಮುದುಕರ ಕೆಲಸ ಎಂದು ಮೂಗು ಮುರಿದವಳು ನಾನು. ಅಪ್ಪನ ಪಕ್ಕ ಒಂದು ದಿನ ನಿಲ್ಲಲಿಲ್ಲ. ನೀನು ನಿಂತೆ. ಪ್ಯಾರಿಸ್‌ನಲ್ಲಿ ಮೂರು ವರ್ಷ ಯಾರ ಜೊತೆಗೂ ನಮ್ಮ ಭಾಷೆಯಲ್ಲಿ ಮಾತಾಡದೆ ಬಾಯಿ ಒಣಗಿತು. ಒಂದು ಭಾನುವಾರ ನಮ್ಮ ಕಡೆಯವರ ಸಂಘಕ್ಕೆ ಹೋದೆ. ಅಲ್ಲಿ ಒಂದು ಪುಸ್ತಿಕೆ ಇತ್ತು. ಟೇಪ್ ರೆಕಾರ್ಡರ್ ಹೊತ್ತು ಹಳ್ಳಿ ಹಳ್ಳಿ ಸುತ್ತಿ ಕುಣಿತಗಳನ್ನು ಬರೆದುಕೊಳ್ಳುತ್ತಿದ್ದ ಆ ಟೇಪ್ ಮೇಷ್ಟ್ರು ಅಚ್ಚು ಹಾಕಿಸಿದ್ದು. ತೆರೆದರೆ 'ಕೆರ್‌ಗೊಯೆತ್‌ನ ಗವೋತ್ ಕುಣಿತ, ರೈತ ಮತಿಲಿನ್ ಕುಣಿದು ತೋರಿಸಿದಂತೆ' ಎಂದಿತ್ತು. ನನ್ನ ಅಪ್ಪ, ಅಚ್ಚಿನಲ್ಲಿ. ಮೂರನೇ ಎಣಿಕೆಗೆ ಎಡಗಾಲಿನ ಬೆರಳು ಮಡಚಿ ನೆಲ ಹಿಡಿಯಬೇಕು, ಹಿಮ್ಮಡಿ ಎಳೆಯಬೇಕು, ಅರೆ ಉಸಿರಿನಷ್ಟು ತಡೆದು ಆಮೇಲೆ ಹಾರಬೇಕು, ಈ ತಡೆ ಸುತ್ತಮುತ್ತಲ ಯಾವ ಊರಿನಲ್ಲೂ ಇಲ್ಲ ಎಂದು ಬರೆದಿತ್ತು. ಅಪ್ಪನಿಂದ ಕಲಿಯಬೇಕಾಗಿದ್ದದ್ದನ್ನು ನಾನು ಕಾಗದದಿಂದ ಕಲಿತೆ, ಆ ಸಂಘದ ಸಿಮೆಂಟ್ ನೆಲದ ಮೇಲೆ, ಅಳುತ್ತ ಅಳುತ್ತ.

ಊರಿಗೆ ಮರಳಿದ ಮೇಲೆ ಮೂವತ್ತೆಂಟು ವರ್ಷದಿಂದ ಅದನ್ನೇ ಕಲಿಸಿದ್ದೇನೆ. ಬರೀ ಕಲಿಸಲಿಲ್ಲ, ಭಾಷಣ ಬೇರೆ ಬಿಗಿದಿದ್ದೇನೆ. 'ನಮ್ಮದು ಕಲ್ಲುಗುಡ್ಡದ ಜನ, ಸಿಕ್ಕಿದ ಹಿಡಿ ಮಣ್ಣನ್ನು ಬಿಡಲಾರದೆ ಬಿಟ್ಟವರು, ಆ ಸಂಕಟವೇ ಈ ತಡೆ' ಎಂದು. ರೇಡಿಯೋದಲ್ಲಿ ಕೂಡ ಹೇಳಿದೆ. ನೀನು ಆ ಕಾರ್ಯಕ್ರಮ ಕೇಳಿ 'ಅಕ್ಕಾ, ಚೆನ್ನಾಗಿ ಮಾತಾಡಿದೆ' ಎಂದು ಕಾರ್ಡ್ ಬರೆದಿದ್ದೆ. ಆ ಕಾರ್ಡ್ ಇನ್ನೂ ನನ್ನ ಡ್ರಾಯರಿನಲ್ಲಿದೆ. ಇವತ್ತು ಬೆಳಿಗ್ಗೆ ಓದಿದೆ, ಹರಿಯಬೇಕು ಅನ್ನಿಸಿತು, ಹರಿಯಲಿಲ್ಲ.

ಸೋಮವಾರ ಏನಾಯಿತೆಂದರೆ, ವೃದ್ಧಾಶ್ರಮದವರು ಐದಾರು ಜನ ಮುದುಕರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಕಾರ್ಯಾಗಾರ ತೋರಿಸಲು ಕರೆತಂದಿದ್ದರು. ಅದರಲ್ಲಿ ತ್ರೆಫೀನ್ ಇದ್ದಳು, ನಮ್ಮ ಹೊಲದ ಆಚೆ ಬದಿಯವಳು. ಎಂಬತ್ತಾರಾದರೂ ಬಾಯಿಗೆ ಮಾತ್ರ ಇಪ್ಪತ್ತೇ. ನಾನು ಸಾಲು ಕಟ್ಟಿಸಿ, ಒಂದು ಎರಡು ಎಣಿಸಿ, ಮೂರಕ್ಕೆ ಬೆರಳು ಮಡಚಿ ಹಿಮ್ಮಡಿ ಎಳೆದು ತೋರಿಸಿದೆ. ಮುದುಕಿ ಕುರ್ಚಿಯಲ್ಲಿ ಕೂತಲ್ಲೇ ನಗಲು ಶುರುಮಾಡಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಎಲ್ಲರೂ ತಿರುಗಿ ನೋಡಿದರು. 'ಅಯ್ಯೋ ಮಾರಿವೊನ್, ನಿಮ್ಮ ತಾತನ ದೊಡ್ಡ ಬೂಟು ಇನ್ನೂ ಕಾಲಿಂದ ಬಿಚ್ಚಿಲ್ವೇನೇ ನೀನು' ಎಂದಳು. ವಯಸ್ಸಾಯಿತು, ತಲೆ ಸರಿಯಿಲ್ಲ ಎಂದುಕೊಂಡು ನಾನು ಮುಗುಳ್ನಕ್ಕು ಎಣಿಕೆ ಮುಂದುವರಿಸಿದೆ. ಬಿಡುವಿನಲ್ಲಿ ಅವಳಿಗೆ ನೀರು ಕೊಡಲು ಹೋದಾಗ ಕೈ ಹಿಡಿದು ಕೂರಿಸಿಕೊಂಡಳು. ಆಗ ಹೇಳಿದಳು. ತಲೆ ನನಗಿಂತ ಸರಿಯಾಗಿದೆ ಅವಳದು.

ಏನು ಹೇಳಿದಳು ಎಂದು ನಿನಗೆ ಬರೆಯಬೇಕೇ? ಬರೆಯುತ್ತೇನೆ, ಒಮ್ಮೆ ನನ್ನ ಕೈಯಿಂದಲೂ ಓದು. ಅರವತ್ತೆಂಟನೇ ಇಸವಿ ಅಕ್ಟೋಬರಿನಲ್ಲಿ ಟೇಪ್ ಮೇಷ್ಟ್ರು ಬರುವ ಹಿಂದಿನ ಭಾನುವಾರ ನೀನು ಅಪ್ಪನನ್ನು ಕೇಳದೆ ಅವರ ಕುಣಿತದ ಮರದ ಬೂಟು ಹಾಕಿಕೊಂಡು ಪಕ್ಕದೂರಿನ ಮದುವೆಗೆ ಹೋದೆ. ಸೇಬಿನ ಸೈಡರ್ ಕುಡಿದು, ಮರಳಿ ಬರುವಾಗ ಹೊಳೆ ದಾಟುವ ಕಲ್ಲಿನ ಮೇಲೆ ಜಾರಿ, ಒಂದು ಬೂಟನ್ನು ನೀರಿಗೆ ಬಿಟ್ಟು ಒಂಟಿ ಬೂಟಿನಲ್ಲಿ ಮನೆಗೆ ಬಂದೆ. ಅಪ್ಪನಿಗೆ ಅದೊಂದೇ ಜೊತೆ, ಅವರ ಪಾದದ ಅಳತೆಗೆ ಕೆತ್ತಿಸಿದ್ದು. ಮೇಷ್ಟ್ರು ಬಂದು, ಚರ್ಮದ ಬೂಟು ಬೇಡ, ಮರದ ಸದ್ದು ಟೇಪಿನಲ್ಲಿ ಬರಬೇಕು ಎಂದರು. ಮುಂದಿನ ವಾರ ಬನ್ನಿ ಎಂದು ಅಪ್ಪ ಹೇಳಬಹುದಿತ್ತು. ಆದರೆ ಮೇಷ್ಟ್ರು ಮಾರನೆಯ ದಿನವೇ ಆಚೆ ಗುಡ್ಡದವರ ಹತ್ತಿರ ಹೋಗುತ್ತೇನೆ ಎಂದುಬಿಟ್ಟರು. ಆಚೆ ಗುಡ್ಡದವರ ಹೆಸರು ಪುಸ್ತಕಕ್ಕೆ ಹೋಗಿ ನಮ್ಮದು ಹೋಗದಿರುವುದನ್ನು ಅಪ್ಪ ಸಹಿಸುವುದುಂಟೇ? ಅಟ್ಟದಿಂದ ತಾತನ ಮರದ ಬೂಟು ಇಳಿಸಿದರು. ತಾತನ ಪಾದ ಎಂದರೆ ದೋಣಿ. ಹಿಡಿ ಹಿಡಿ ಹುಲ್ಲು ತುರುಕಿದರೂ ನಿಲ್ಲಲಿಲ್ಲ. ಮೂರನೇ ಎಣಿಕೆಗೆ ಕಾಲು ಎತ್ತುವ ಹೊತ್ತಿಗೆ ಎಡಗಾಲಿನ ಬೂಟು ಕಳಚಿ ಟೇಪ್ ಮೇಷ್ಟ್ರ ಮುಖಕ್ಕೆ ಹಾರಬಾರದೆಂದು ಅಪ್ಪ ಬೆರಳು ಮಡಚಿ ಹಿಡಿದುಕೊಂಡರು, ಹಿಮ್ಮಡಿ ಎಳೆದರು. ಮೇಷ್ಟ್ರು ತುಂಬ ಮೆಚ್ಚಿ ಬರೆದುಕೊಂಡರು. ಸಾಲಿನಲ್ಲಿ ಜೊತೆಗೆ ಕುಣಿದ ತ್ರೆಫೀನ್ ಮತ್ತು ಉಳಿದವರಿಗೆಲ್ಲ ಅಪ್ಪ ಆಮೇಲೆ 'ಯಾರೂ ಬಾಯಿ ಬಿಡ್ಬೇಡಿ, ಇವನ ಅಮ್ಮನಿಗೆ ಬೂಟಿನ ವಿಷಯ ಗೊತ್ತಾದ್ರೆ ಇವನ ಚರ್ಮ ಸುಲೀತಾಳೆ' ಎಂದರಂತೆ. ಯಾರೂ ಬಾಯಿ ಬಿಡಲಿಲ್ಲ. ನಮ್ಮೂರ ಜನ ಇಷ್ಟು ಗುಟ್ಟು ಕಾಯುವವರು ಎಂದು ನನಗೆ ತಿಳಿದಿರಲಿಲ್ಲ.

ಇಲ್ಲಿಯ ತನಕದ್ದನ್ನು ನಾನು ಹೊಟ್ಟೆಗೆ ಹಾಕಿಕೊಳ್ಳಬಲ್ಲೆ, ಗುಲ್ವೆನ್. ಹದಿನೇಳರ ಹುಡುಗ ಬೂಟು ಕಳೆದ, ಅಪ್ಪ ಮಗನನ್ನು ಉಳಿಸಿದರು. ಊರೆಲ್ಲ ನನ್ನ ಭಾಷಣ ಕೇಳಿ ಕರ್ಚೀಫಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಿರಬಹುದು, ಅದೂ ಇರಲಿ. ಪ್ಯಾರಿಸ್‌ನಿಂದ ಕ್ರಿಸ್‌ಮಸ್‌ಗೆ ಬಂದಾಗ ಅಡುಗೆ ಮನೆಯಲ್ಲಿ 'ಅಪ್ಪಾ, ನಿನ್ನ ಹೆಜ್ಜೆ ಕಲಿತೆ ನೋಡು' ಎಂದು ಕುಣಿದು ತೋರಿಸಿದೆನಲ್ಲ. ಅಪ್ಪ ನನ್ನನ್ನೇ ನೋಡುತ್ತ ನಿಂತರು, ಆಮೇಲೆ ಬಂದು ನನ್ನ ತೋಳು ಹಿಡಿದು ಜೊತೆಗೆ ಕುಣಿದರು, ಮೂರಕ್ಕೆ ತಡೆದು, ಹಿಮ್ಮಡಿ ಎಳೆದು, ಕಾಲಲ್ಲಿ ಬರೀ ಉಣ್ಣೆಯ ಕಾಲುಚೀಲ. ನನ್ನ ಜೀವನದಲ್ಲಿ ಅಷ್ಟು ಸುಖದ ದಿನ ಇನ್ನೊಂದಿಲ್ಲ. ನೀನು ಒಲೆಯ ಹತ್ತಿರ ನಿಂತು ನೋಡುತ್ತಿದ್ದೆ. ಅಪ್ಪ ನನಗಾಗಿ ಸುಳ್ಳು ಹೆಜ್ಜೆ ಹಾಕಿದರು ಎಂದು ಈಗ ತಿಳಿಯಿತು. ಅಪ್ಪ ಹೇಳಲಿಲ್ಲ, ನನ್ನ ಮುಖ ಬಾಡುವುದನ್ನು ನೋಡಲಾರದೆ. ಅವರನ್ನು ಕೇಳೋಣವೆಂದರೆ ಅವರು ಸ್ಮಶಾನದಲ್ಲಿದ್ದಾರೆ. ನೀನು ಇದ್ದೆಯಲ್ಲ. ಪ್ರತಿ ಬೇಸಿಗೆ ಬಂದು ನನ್ನ ಎಡಕ್ಕೆ ನಿಂತು, ತೋಳು ಕೊಟ್ಟು, ಮೂರನೇ ಎಣಿಕೆಗೆ ನನಗಿಂತ ಚೆನ್ನಾಗಿ ತಡೆಯುತ್ತಿದ್ದೆಯಲ್ಲ. ತಪ್ಪು ಎಂದು ಗೊತ್ತಿದ್ದೂ ಅಷ್ಟು ತಪ್ಪಿಲ್ಲದೆ ಹೇಗೆ ಕುಣಿದೆ?

ನಾನು ಹೊಟ್ಟೆಗೆ ಹಾಕಿಕೊಳ್ಳಲಾರದ್ದು ಬೇರೆ. ಅಜೆನೋರ್ ನೆನಪಿದ್ದಾಳೆಯೇ? ತ್ರೆಫೀನ್‌ಳ ಮೊಮ್ಮಗಳು. ತೊಂಬತ್ತಮೂರರಲ್ಲಿ ಅವಳಿಗೆ ಹದಿನೈದು ವರ್ಷ. ನಮ್ಮ ತಂಡದಲ್ಲಿ ಅವಳಂಥ ಕಾಲು ಇನ್ನೊಬ್ಬರಿಗಿರಲಿಲ್ಲ. ಸ್ಪರ್ಧೆಗೆ ಹತ್ತು ದಿನವಿದ್ದಾಗ ಅವಳು ತಡೆ ಬಿಟ್ಟು ಹಗುರವಾಗಿ ಕುಣಿಯತೊಡಗಿದಳು. ತಿದ್ದಿದೆ, ಬೈದೆ, ಕೇಳಲಿಲ್ಲ. 'ನಮ್ಮಜ್ಜಿ ಹೀಗೇ ಕುಣೀತಾಳೆ, ಮತಿಲಿನ್ ತಾತನೂ ಹೀಗೇ ಕುಣೀತಿದ್ರಂತೆ' ಎಂದಳು. ನನ್ನ ಅಪ್ಪನ ಹೆಜ್ಜೆ ನನಗೇ ಹೇಳಿಕೊಡಲು ಬರುತ್ತೀಯಾ ಎಂದು ಎಲ್ಲರೆದುರು ಕೂಗಾಡಿ, ಮೈಮೇಲಿನ ಕಸೂತಿ ಉಡುಪು ಅಲ್ಲೇ ಬಿಚ್ಚಿಟ್ಟು ಹೋಗು ಎಂದೆ. ಮಗು ಒಳಲಂಗದಲ್ಲಿ, ಮೇಲೆ ಮಳೆಯ ಕೋಟು ಹಾಕಿಕೊಂಡು ಮನೆಗೆ ನಡೆದು ಹೋಯಿತು. ನೀನು ಶಾಲೆಯ ಗೋಡೆಯ ಮೇಲೆ ಕೂತು ಕ್ರೇಪ್ ತಿನ್ನುತ್ತಿದ್ದೆ. 'ಬಿಡಕ್ಕಾ, ಚಿಕ್ಕ ಹುಡುಗಿ' ಎಂದೆ, ಅಷ್ಟೇ. ನಿನ್ನದು ಮೃದು ಮನಸ್ಸು ಎಂದುಕೊಂಡೆ ನಾನು.

ಸೋಮವಾರ ತ್ರೆಫೀನ್‌ಳನ್ನು ಕೇಳಿದೆ, ಆವತ್ತಾದರೂ ನನಗೆ ಯಾಕೆ ಹೇಳಲಿಲ್ಲ, ನಿನ್ನ ಮೊಮ್ಮಗಳ ಸಲುವಾಗಿಯಾದರೂ, ಎಂದು. ಅವಳು ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದಳು. 'ನಿನಗೆ ಹೇಳೋ ಧೈರ್ಯ ಈ ಊರಲ್ಲಿ ಯಾರಿಗಿತ್ತೇ? ನಿನ್ನ ತಮ್ಮನಿಗೆ ಹೇಳ್ದೆ. ಅವನೇ ಅಳ್ತಾ ಬಂದಿದ್ದ ನಮ್ಮನೆಗೆ. ಇವತ್ತೇ ಅಕ್ಕನಿಗೆ ಎಲ್ಲಾ ಹೇಳ್ತೀನಿ, ನಾಳೆ ಅವಳೇ ಬಂದು ಮಗೂನ ವಾಪಸ್ ಕರ್ಕೊಂಡ್ ಹೋಗ್ತಾಳೆ ಅಂದ. ಮೂರು ದಿನ ಬಿಟ್ಟು ಬಂದು, ಹೇಳ್ದೆ, ಅಕ್ಕ ಒಪ್ಪಲಿಲ್ಲ ಅಂದ' ಎಂದಳು.

ಅಕ್ಕ ಒಪ್ಪಲಿಲ್ಲ. ಗುಲ್ವೆನ್, ನೀನು ನನಗೆ ಹೇಳಿಯೇ ಇರಲಿಲ್ಲ. ಹೇಳದೆ ಹೇಳಿದೆ ಎಂದೆ. ನಾನು ಒಪ್ಪಲಿಲ್ಲ ಎಂದೆ. ಇಪ್ಪತ್ತೊಂದು ವರ್ಷ ಆ ಮನೆಯವರು ನನ್ನನ್ನು ನೋಡಿ ಏನು ಅಂದುಕೊಂಡಿರಬೇಕು? ಎಲ್ಲ ತಿಳಿದೂ ತಿಳಿದೂ ಹದಿನೈದರ ಹುಡುಗಿಯನ್ನು ಬೀದಿಗೆ ಅಟ್ಟಿದ ಹಟಮಾರಿ, ಅಪ್ಪನ ಹೆಸರಿನಲ್ಲಿ ಊರಿಗೆಲ್ಲ ಸುಳ್ಳು ಕಲಿಸಿದ ಸುಳ್ಳುಗಾತಿ. ನನ್ನನ್ನು ಕಂಡರೆ ಅಜೆನೋರ್ ರಸ್ತೆಯ ಆಚೆ ಬದಿಗೆ ಹೋಗುತ್ತಾಳೆ ಎಂದು ನಿನಗೇ ನಾನು ಎಷ್ಟು ಸಲ ದೂರಿಲ್ಲ! ನೀನು 'ಗರ್ವ ಅವಳಿಗೆ' ಎನ್ನುತ್ತಿದ್ದೆ. ಅವಳ ಗರ್ವ ಎಂದು ನೀನು ನನ್ನ ಎದುರು ಕೂತು, ನಾನು ಸುಟ್ಟು ಕೊಟ್ಟ ಮೀನು ತಿನ್ನುತ್ತ ಹೇಳಿದೆ.

ನಿನ್ನೆ ಓರ್ಲಾಗೆ ಇದೆಲ್ಲ ಹೇಳಿದೆ, ಅರ್ಧ ಮಾತಿನಲ್ಲಿ, ಅರ್ಧ ಕೈಬಾಯಿ ಸನ್ನೆಯಲ್ಲಿ. ಸಮಾಧಾನ ಮಾಡಬೇಕೆಂದು ಆ ಹೆಂಗಸು, 'ನಾವು ಕುಣಿಯೋವಾಗ ಕೈ ಯಾಕೆ ನೆಟ್ಟಗಿಡ್ತೀವಿ ಅಂತ ಜನ ಕೇಳ್ತಾರೆ, ಹತ್ತು ಕಥೆ ಹೇಳ್ತೀವಿ, ಒಂದಾದ್ರೂ ನಿಜ ಇದೆಯೋ ಇಲ್ವೋ ಯಾರಿಗೆ ಗೊತ್ತು? ನಲವತ್ತು ವರ್ಷ ಊರೆಲ್ಲ ಕುಣಿದ ಮೇಲೆ ಅದು ನಿಮ್ಮ ಹೆಜ್ಜೆಯೇ ಅಲ್ವಾ' ಎಂದಳು. ಮಾತು ಸರಿಯೇ. ತಪ್ಪು ಹೆಜ್ಜೆಯೂ ಕುಣಿದು ಕುಣಿದು ಹೆಜ್ಜೆಯೇ ಆಗುತ್ತದೆ. ಆದರೆ ಅವಳ ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ನನ್ನ ಊರಿನಲ್ಲಿ ನನ್ನ ತಮ್ಮನಿಗೆ ಗೊತ್ತಿತ್ತು. ಓರ್ಲಾಗೆ ಇಷ್ಟು ಹೇಳಿ ಎದ್ದು ಪಾತ್ರೆ ತೊಳೆದೆ.

ತ್ರೆಫೀನ್ ಹೇಳಿದ ಒಂದು ಮಾತು ಮಾತ್ರ ನನ್ನನ್ನು ಬಿಡುತ್ತಿಲ್ಲ, ನಿನಗೆ ಹೇಳದೆ ಇರುವುದು ನ್ಯಾಯವಲ್ಲ. ನನಗೆ ಹೇಳುವ ಧೈರ್ಯ ಯಾರಿಗಿತ್ತು ಎಂದಳಲ್ಲ, ಅದು. ಗೋಡೆಯ ಮೇಲೆ ಕೂತಿದ್ದ ನೀನೂ ಹೆದರಿಯೇ ಸುಮ್ಮನಾದೆಯಾ? ನಲವತ್ತೆರಡು ವರ್ಷದ ಗಂಡಸು, ರೈಲು ಓಡಿಸುವವನು, ಅಕ್ಕನಿಗೆ ಹೆದರುತ್ತಿದ್ದೆಯಾ? ಹಾಗಿದ್ದರೆ ಅದರಲ್ಲಿ ನನ್ನ ಪಾಲೂ ಇದೆ, ಒಪ್ಪುತ್ತೇನೆ. ಆದರೆ ಹೆದರಿದವನು ಸುಮ್ಮನಿರುತ್ತಾನೆ. ಇನ್ನೊಬ್ಬರ ಮನೆಗೆ ಹೋಗಿ ಅಕ್ಕನ ಬಾಯಲ್ಲಿ ಅವಳು ಆಡದ ಮಾತು ಇಡುವುದಿಲ್ಲ.

ಮಂಗಳವಾರದ ಕಾರ್ಯಾಗಾರಕ್ಕೆ ಕಾಲು ನೋವೆಂದು ಹೇಳಿ ನಾನು ಹೋಗಲಿಲ್ಲ. ಇವತ್ತೂ ಹೋಗಲಿಲ್ಲ. ಸಮಿತಿಯವರು ಮುಲಾಮು ಕಳಿಸಿದ್ದಾರೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕೊನೆಯ ಪಾಠ, ನಾಲ್ಕೂ ದೇಶದವರು ಅಪ್ಪನ ಹೆಜ್ಜೆಗೆ ಒಂದೇ ಸಾಲಿನಲ್ಲಿ ಸೇರಬೇಕು ಎಂದು ತೀರ್ಮಾನವಾಗಿದೆ. ಗಲೀಸಿಯಾದವರು ಆಗಲೇ ಬೀದಿಯಲ್ಲಿ ಹಿಮ್ಮಡಿ ಎಳೆದುಕೊಂಡು ಅಭ್ಯಾಸ ಮಾಡುತ್ತಿದ್ದಾರೆ. ಕಿಟಕಿಯಿಂದ ನೋಡಿ ಪರದೆ ಎಳೆದೆ.

ಮಡ್ಲೆನ್‌ಗೆ ನನ್ನ ಮುತ್ತುಗಳು, ಕಣ್ಣಿಗೆ ನೀರು ತಗಲದಂತೆ ನೋಡಿಕೊಳ್ಳಲಿ. ನಿನ್ನ ಮಕ್ಕಳಿಗೆ ಅತ್ತೆಯ ಆಶೀರ್ವಾದ. ನಿನಗೂ ದೇವರು ಒಳ್ಳೆಯದು ಮಾಡಲಿ, ಮಾತ್ರೆ ತಪ್ಪಿಸಬೇಡ. ಅಕ್ಕ ಕ್ಷಮಿಸಿದ್ದಾಳೆ ಎಂದು ಮಾತ್ರ ಇದರಿಂದ ತಿಳಿಯಬೇಡ.

ನಿನ್ನ ಅಕ್ಕ,
ಮಾರಿವೊನ್

ತಾ.ಕ.: ಇಷ್ಟು ಬರೆದೂ ಬರೆಯಬೇಕಾದದ್ದನ್ನು ಬರೆಯಲಿಲ್ಲ. ಅಂಚೆಯ ಗಾಡಿ ಹೊರಡಲು ಕಾಲು ಗಂಟೆಯಿದೆ. ನಿನ್ನೆ ಸಂಜೆ ಸೇತುವೆ ಪಕ್ಕದ ಅಜೆನೋರ್ ಅಂಗಡಿಗೆ ಹೋಗಿದ್ದೆ. ಒಳಗೆ ಬನ್ನಿ ಎನ್ನಲಿಲ್ಲ, ಬಾಗಿಲಲ್ಲೇ ನಿಂತಳು. ನಾನು ಕ್ಷಮೆ ಕೇಳಿದೆ. ನನಗೆ ಗೊತ್ತಿರಲಿಲ್ಲ ಎಂದೆ, ಅವಳು ನಂಬಲಿಲ್ಲ. ಅಪ್ಪನ ನಿಜವಾದ ಹೆಜ್ಜೆ ಈಗ ಅವಳೊಬ್ಬಳ ಕಾಲಲ್ಲಿದೆ. ತ್ರೆಫೀನ್ ಕುರ್ಚಿಯಿಂದ ಏಳಲಾರಳು, ನಿನ್ನ ಕಾಲನ್ನು ನಾನು ಇನ್ನು ನಂಬುವುದಿಲ್ಲ. 'ಭಾನುವಾರ ನೀನು ಕಲಿಸು, ನಾನು ಕಲಿಯುವವರ ಸಾಲಿನಲ್ಲಿ ನಿಲ್ಲುತ್ತೇನೆ' ಎಂದು ಅವಳಿಗೆ ಹೇಳಿದೆ. 'ನಿಮಗೇನೂ ಹೇಳಿರ್ಲಿಲ್ಲ ಅಂತ ನಿಮ್ಮ ತಮ್ಮ ಬಂದು ನನ್ನ ಎದುರಿಗೆ ನಿಂತು ಹೇಳ್ಲಿ, ಆಮೇಲೆ ನೋಡೋಣ' ಎಂದು ಬಾಗಿಲು ಹಾಕಿಕೊಂಡಳು. ಶನಿವಾರ ಮಧ್ಯಾಹ್ನ ಮೂರೂ ಇಪ್ಪತ್ತಕ್ಕೆ ಇಲ್ಲಿಗೆ ಒಂದು ರೈಲು ಬರುತ್ತದೆ. ನಾನು ಸ್ಟೇಷನ್ನಿಗೆ ಬರುವುದಿಲ್ಲ. ಮೊದಲು ನಮ್ಮ ಮನೆಗೂ ಬರಬೇಡ. ನೇರ ಅವಳ ಬಾಗಿಲಿಗೆ ಹೋಗು.